ಮಳೆ ಬಂದ ವರ್ಷ ಎಲ್ಲರೂ ಒಳ್ಳೆಯ ರೈತರೇ

ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ನಮ್ಮೂರು ಬೇಲೂರು ತಾಲ್ಲೂಕಿನ ಮಾದಿಹಳ್ಳಿ. ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದಾಗ ಚಿಕ್ಕಪ್ಪ ತಮ್ಮ ಮೊಬೈಲ್ ಅನ್ನು ನನ್ನ ಕೈಗಿಟ್ಟರು. ಟೆಲಿಗ್ರಾಂ ಗುಂಪೊಂದರಲ್ಲಿ ಹನ್ನೊಂದು ಸ್ಕ್ರೀನ್‌ಶಾಟ್‌ಗಳಿದ್ದವು. ತಾನು ‘ಪ್ರೊಫೆಷನಲ್ ಫಾರೆಕ್ಸ್ ಫಂಡ್ ಮ್ಯಾನೇಜರ್’ ಎಂದು ಹೇಳಿಕೊಳ್ಳುವ ಒಬ್ಬ ವ್ಯಕ್ತಿ ಡಾಲರ್, ಯೂರೊ, ಯೆನ್‌ಗಳನ್ನು ಕೊಂಡು ಮಾರಿ ಹನ್ನೊಂದು ತಿಂಗಳಲ್ಲಿ ಒಂದು ತಿಂಗಳೂ ನಷ್ಟ ಮಾಡಿಕೊಂಡಿಲ್ಲವಂತೆ. ತಿಂಗಳಿಗೆ ಸರಾಸರಿ ಶೇ 10 ಲಾಭವಂತೆ.

‘ಶುಂಠಿ ಮಾರಿದ ದುಡ್ಡು ಹಂಗೇ ಬ್ಯಾಂಕಲ್ಲಿ ಬಿದ್ದೈತೆ. ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಇದು ದಿಟವೋ ಬುರುಡೆಯೋ ನೋಡಿ ಹೇಳು’ ಎಂದರು.

‘ಮೋಸ ಚಿಕ್ಕಪ್ಪ, ಹಾಕ್ಬೇಡಿ’ ಎಂದೆ, ಯೋಚಿಸದೆ.

‘ಮೋಸ ಅಂತ ಹೆಂಗೆ ಹೇಳ್ತೀಯ? ಲೆಕ್ಕ ಕಣ್ಣ ಮುಂದೇನೇ ಐತಲ್ಲ’ ಎಂದು ಮರುಪ್ರಶ್ನೆ ಹಾಕಿದರು. ನನ್ನ ಬಳಿ ಉತ್ತರ ಇರಲಿಲ್ಲ.

ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಕರೆನ್ಸಿ ವ್ಯವಹಾರದಲ್ಲಿ ಬೇರೆಯವರ ಹಣ ನಿಭಾಯಿಸುವ ವ್ಯಕ್ತಿ ನಿಜಕ್ಕೂ ಸಮರ್ಥನೇ ಎಂದು ಅಳೆಯುವುದು ಹೇಗೆ? ಲ್ಯಾಬ್‌ನಲ್ಲಿ ಮೀಟರ್ ತೋರಿಸಿದ ಅಂಕಿಯನ್ನು ಬರೆದುಕೊಳ್ಳುವ ಮುನ್ನ ಆ ಮೀಟರ್ ಸರಿಯಿದೆಯೇ ಎಂದು ನೋಡಬೇಕು ಎಂದು ನಮಗೆ ಕಲಿಸುತ್ತಾರೆ. ಅದನ್ನೇ ಇಲ್ಲಿ ಮಾಡಲು ಹೊರಟು ನಾನು ಕಂಡುಕೊಂಡದ್ದನ್ನು ಬರೆದಿದ್ದೇನೆ.

ಡಾಲರ್ ನಮಗೆ ದೂರದ್ದಲ್ಲ

ಹಳ್ಳಿಯವರಿಗೆ ಡಾಲರ್ ಏಕೆ ಎಂದು ಕೆಲವರು ಕೇಳಬಹುದು. ಭಾರತದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ದೇಶದ ಕಾಫಿಯ ಬಹುಪಾಲು ರಫ್ತಾಗುತ್ತದೆ. ಬೇಲೂರು, ಸಕಲೇಶಪುರದ ಬೆಳೆಗಾರರ ಚೀಲದ ಬೆಲೆ ನಿರ್ಧಾರವಾಗುವುದು ರೊಬಸ್ಟಾಗೆ ಲಂಡನ್, ಅರೇಬಿಕಾಗೆ ನ್ಯೂಯಾರ್ಕ್ ಮಾರುಕಟ್ಟೆಯ ದರದ ಮೇಲೆ. ಎರಡೂ ಕಡೆ ಲೆಕ್ಕ ಡಾಲರಿನಲ್ಲಿ. ಲಂಡನ್‌ನಲ್ಲಿ ಟನ್ನಿಗೆ 4,000 ಡಾಲರ್ ಇದೆ ಎಂದಿಟ್ಟುಕೊಳ್ಳಿ. ಡಾಲರ್ 86ರಿಂದ 90 ರೂಪಾಯಿಗೆ ಏರಿದರೆ, ಕಾಫಿಯ ದರ ಒಂದು ಸೆಂಟ್ ಬದಲಾಗದಿದ್ದರೂ ಟನ್ನಿಗೆ 16,000 ರೂಪಾಯಿ, 50 ಕೆ.ಜಿ. ಚೀಲಕ್ಕೆ 800 ರೂಪಾಯಿ ವ್ಯತ್ಯಾಸ ಬರುತ್ತದೆ. ಗೊಬ್ಬರ, ಡೀಸೆಲ್ ಕೊಳ್ಳುವಾಗ ಇದೇ ಡಾಲರ್ ಎದುರು ದಿಕ್ಕಿನಿಂದ ಬಂದು ಜೇಬಿಗೆ ಕೈ ಹಾಕುತ್ತದೆ.

2025ರ ಡಿಸೆಂಬರ್‌ನಲ್ಲಿ ಡಾಲರ್ ಮೊದಲ ಬಾರಿಗೆ 90 ರೂಪಾಯಿ ದಾಟಿದಾಗ ಟೀ ಅಂಗಡಿಯಲ್ಲೂ ಅದೇ ಮಾತು. ಇಂಥ ಹೊತ್ತಿನಲ್ಲೇ ‘ಡಾಲರಿನಲ್ಲಿ ದುಡ್ಡು ಮಾಡಿಕೊಡುತ್ತೇವೆ’ ಎನ್ನುವವರ ಮಾತಿಗೆ ಕಿವಿಗಳು ಸಿಗುತ್ತವೆ.

ಮೊದಲು ಗುಣಾಕಾರ

ಚಿಕ್ಕಪ್ಪನಿಗೆ ನಾನು ಮೊದಲೇ ತೋರಿಸಬೇಕಿದ್ದ ಲೆಕ್ಕ ಇದು. ತಿಂಗಳಿಗೆ ಶೇ 10 ಎಂದರೆ ಕೇಳಲು ದೊಡ್ಡದಲ್ಲ. ಲಾಭವನ್ನು ಮತ್ತೆ ಅಲ್ಲಿಯೇ ತೊಡಗಿಸುತ್ತಾ ಹೋದರೆ 1 ಲಕ್ಷ ರೂಪಾಯಿ ಒಂದು ವರ್ಷಕ್ಕೆ 3.14 ಲಕ್ಷ ಆಗುತ್ತದೆ. ಐದು ವರ್ಷಕ್ಕೆ 3 ಕೋಟಿ ದಾಟುತ್ತದೆ. ಹತ್ತು ವರ್ಷಕ್ಕೆ 927 ಕೋಟಿ ಆಗುತ್ತದೆ. ಮೊಬೈಲ್‌ನ ಕ್ಯಾಲ್ಕುಲೇಟರಿನಲ್ಲಿ ಯಾರು ಬೇಕಾದರೂ ಒತ್ತಿ ನೋಡಬಹುದು. ಇಂಥ ವಿದ್ಯೆ ಕೈಯಲ್ಲಿರುವವನು ನಮ್ಮ ಚಿಕ್ಕಪ್ಪನ ಶುಂಠಿ ದುಡ್ಡಿಗೆ ಏಕೆ ಕಾಯುತ್ತಾನೆ? ಬ್ಯಾಂಕಿನಲ್ಲಿ ಒಂದು ಲಕ್ಷ ಸಾಲ ತೆಗೆದು ಹತ್ತು ವರ್ಷ ಸುಮ್ಮನೆ ಕುಳಿತರೆ ಸಾಕಲ್ಲ.

ಈ ಲೆಕ್ಕ ಸುಳ್ಳನ್ನು ಹಿಡಿಯಲು ಸಾಕು. ಆದರೆ ಎಲ್ಲರೂ ಇಷ್ಟು ದೊಡ್ಡ ಸುಳ್ಳು ಹೇಳುವುದಿಲ್ಲ. ವರ್ಷಕ್ಕೆ ಶೇ 8, ಶೇ 12 ಎಂದು ನಂಬುವಂತೆ ಹೇಳುವವರನ್ನು ಅಳೆಯುವುದೇ ಕಷ್ಟ.

ಮಳೆಯ ಪಾಲು ಎಷ್ಟು, ರೈತನ ಪಾಲು ಎಷ್ಟು?

ನಮ್ಮ ಕಡೆ ಆಲೂಗಡ್ಡೆ ಚೆನ್ನಾಗಿ ಬಂದ ವರ್ಷ ‘ನಾನು ಹಾಕಿದ ಗೊಬ್ಬರದಿಂದ’ ಎಂದು ಎಲ್ಲರೂ ಹೇಳುತ್ತಾರೆ. ನಿಜ ತಿಳಿಯಬೇಕಾದರೆ ಪಕ್ಕದ ಹೊಲ ನೋಡಬೇಕು. ಪಕ್ಕದವನಿಗೂ ಅಷ್ಟೇ ಇಳುವರಿ ಬಂದಿದ್ದರೆ ಅದು ಮಳೆಯ ಕೃಪೆ. ಅವನಿಗಿಂತ ಹೆಚ್ಚು ಬಂದದ್ದೇ ಇವನ ಕೈಚಳಕ.

ಹಣ ನಿಭಾಯಿಸುವವರನ್ನು ಅಳೆಯುವುದೂ ಹೀಗೆಯೇ. ‘ಎಷ್ಟು ಲಾಭ ಬಂತು?’ ಎಂಬುದು ಅರ್ಧ ಪ್ರಶ್ನೆ. ‘ಏನೂ ತಿಳಿಯದವನು ಒಂದು ಸುಲಭ ಸೂತ್ರ ಹಿಡಿದು ಕುಳಿತಿದ್ದರೆ ಎಷ್ಟು ಬರುತ್ತಿತ್ತು?’ ಎಂಬುದು ಉಳಿದರ್ಧ. 2025ರ ಆರಂಭದಲ್ಲಿ ಡಾಲರ್ 85-86 ರೂಪಾಯಿ ಇತ್ತು. ವರ್ಷದ ಕೊನೆಗೆ 90ರ ಆಸುಪಾಸಿನಲ್ಲಿತ್ತು. ಡಾಲರ್ ಕೊಂಡು ಮಲಗಿದ್ದವನಿಗೂ ರೂಪಾಯಿ ಲೆಕ್ಕದಲ್ಲಿ ಸುಮಾರು ಶೇ 5 ಸಿಕ್ಕಿದೆ. ಆ ವರ್ಷ ‘ಡಾಲರಿನಲ್ಲಿ ಶೇ 6 ಲಾಭ ಮಾಡಿಕೊಟ್ಟೆ’ ಎನ್ನುವವನ ಸ್ವಂತ ಸಾಧನೆ ಶೇ 1 ಮಾತ್ರ. ಅವನು ಶೇ 2 ಶುಲ್ಕ ತೆಗೆದುಕೊಂಡಿದ್ದರೆ ಹಣ ಕೊಟ್ಟವನಿಗೆ ಮಲಗಿದ್ದೇ ಲಾಭವಾಗುತ್ತಿತ್ತು.

ಬಡ್ಡಿಯ ವ್ಯತ್ಯಾಸ ಇನ್ನೊಂದು ಬಗೆಯ ಮಳೆ. ನಮ್ಮಲ್ಲಿ ಬಡ್ಡಿ ಶೇ 6.5, ಅಮೆರಿಕದಲ್ಲಿ ಶೇ 4.5 ಎಂದುಕೊಳ್ಳಿ. ಇಂದು ಡಾಲರ್ 90 ರೂಪಾಯಿ ಇದ್ದರೆ, ಒಂದು ವರ್ಷದ ನಂತರ ಕೊಡುವ ಡಾಲರಿಗೆ ಇಂದೇ ನಿಗದಿಯಾಗುವ ಮುಂಗಡ ದರ ಸುಮಾರು 91 ರೂಪಾಯಿ 70 ಪೈಸೆ ಆಗುತ್ತದೆ. ಇದರಲ್ಲಿ ಯಾರ ಜಾಣತನವೂ ಇಲ್ಲ, ಎರಡು ದೇಶಗಳ ಬಡ್ಡಿಯ ವ್ಯತ್ಯಾಸವಷ್ಟೇ ಇದೆ. ಕಂಪನಿಯ ಹಣಕಾಸು ಅಧಿಕಾರಿ ‘ಪ್ರತಿ ಡಾಲರಿಗೆ 1 ರೂಪಾಯಿ 70 ಪೈಸೆ ಹೆಚ್ಚು ತಂದೆ’ ಎಂದು ಬೆನ್ನು ತಟ್ಟಿಕೊಂಡರೆ ಅದನ್ನು ಮಳೆಯ ಲೆಕ್ಕಕ್ಕೇ ಬರೆಯಬೇಕು.

ಇದನ್ನು ಜಾಗತಿಕ ಮಟ್ಟದಲ್ಲಿ ಪರೀಕ್ಷಿಸಿದವರಿದ್ದಾರೆ. ಮೊಮ್ಚಿಲ್ ಪೊಜಾರ್ಲಿಯೆವ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯದ ರಿಚರ್ಡ್ ಲೆವಿಚ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ವೃತ್ತಿಪರ ಕರೆನ್ಸಿ ವ್ಯವಸ್ಥಾಪಕರ 1990ರಿಂದ 2006ರವರೆಗಿನ ಗಳಿಕೆಯನ್ನು ನೋಡಿತು. ಸುರಕ್ಷಿತ ಬಡ್ಡಿಗಿಂತ ತಿಂಗಳಿಗೆ ಸರಾಸರಿ ಶೇ 0.25 ಹೆಚ್ಚು ಗಳಿಸಿದ್ದರು. ಮೇಲ್ನೋಟಕ್ಕೆ ಒಳ್ಳೆಯ ಸಾಧನೆ. ಆಮೇಲೆ ಅವರು ಮೂರು ಸುಲಭ ಸೂತ್ರಗಳ ಗಳಿಕೆಯನ್ನು ಪಕ್ಕದಲ್ಲಿಟ್ಟರು. ಬಡ್ಡಿ ಕಡಿಮೆಯಿರುವ ಕರೆನ್ಸಿಯಲ್ಲಿ ಸಾಲ ಪಡೆದು ಬಡ್ಡಿ ಹೆಚ್ಚಿರುವುದರಲ್ಲಿ ಇಡುವುದು ಮೊದಲನೆಯದು. ಏರುತ್ತಿರುವುದನ್ನು ಕೊಂಡು ಇಳಿಯುತ್ತಿರುವುದನ್ನು ಮಾರುವುದು ಎರಡನೆಯದು. ನಿಜ ಬೆಲೆಗಿಂತ ಅಗ್ಗವಾದುದನ್ನು ಕೊಳ್ಳುವುದು ಮೂರನೆಯದು. ಇವುಗಳ ಜೊತೆಗೆ ಮಾರುಕಟ್ಟೆಯ ಏರಿಳಿತದ ತೀವ್ರತೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಇಷ್ಟರ ಪಾಲನ್ನು ಕಳೆದಾಗ ಉಳಿದದ್ದು ತಿಂಗಳಿಗೆ ಸರಾಸರಿ ಮೈನಸ್ ಶೇ 0.09. ಅಂದರೆ ಮಳೆಯ ಪಾಲು ತೆಗೆದ ಮೇಲೆ ಸರಾಸರಿ ವ್ಯವಸ್ಥಾಪಕನ ಪಾಲು ಸೊನ್ನೆಗಿಂತಲೂ ಕೆಳಗೆ. 34 ವ್ಯವಸ್ಥಾಪಕರನ್ನು ಬಿಡಿಬಿಡಿಯಾಗಿ ನೋಡಿದಾಗ ಕೆಲವರಲ್ಲಿ ಸ್ವಂತ ಕೌಶಲ ಕಂಡಿತು ಎಂಬುದನ್ನೂ ಹೇಳಬೇಕು. ಕೌಶಲ ಇಲ್ಲವೇ ಇಲ್ಲ ಎಂದಲ್ಲ, ಅದು ಅಪರೂಪ. ಒಟ್ಟು ಲಾಭದ ಅಂಕಿ ನೋಡಿ ಅದನ್ನು ಗುರುತಿಸಲು ಆಗುವುದಿಲ್ಲ.

ಕಾಗೆ ಕೂತಿದ್ದೋ, ಕೊಂಬೆ ಮುರಿದಿದ್ದೋ

ಮಳೆಯ ಪಾಲು ತೆಗೆದ ಮೇಲೆ ಉಳಿದದ್ದೆಲ್ಲ ಕೌಶಲವೇ? ಅದೂ ಅಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ, ಅದೃಷ್ಟವೂ ಅದರಲ್ಲಿ ಸೇರಿರುತ್ತದೆ.

1,024 ಮಂದಿಯನ್ನು ನಿಲ್ಲಿಸಿ ನಾಣ್ಯ ಚಿಮ್ಮಿಸಿ. ತಲೆ ಬಿದ್ದವರು ಉಳಿಯಲಿ, ಉಳಿದವರು ಮನೆಗೆ ಹೋಗಲಿ. ಪ್ರತಿ ಸಲವೂ ಸುಮಾರು ಅರ್ಧದಷ್ಟು ಮಂದಿ ಹೋಗುತ್ತಾರೆ. ಹತ್ತು ಸುತ್ತು ಮುಗಿದಾಗ ಒಬ್ಬ ಉಳಿಯುವ ನಿರೀಕ್ಷೆ ಇರುತ್ತದೆ. ಅವನು ಹತ್ತಕ್ಕೆ ಹತ್ತು ಸಲ ಗೆದ್ದಿದ್ದಾನೆ. ಟೆಲಿಗ್ರಾಂನಲ್ಲಿ ಗುಂಪು ತೆರೆಯುವವನು ಅವನೇ. ಮನೆಗೆ ಹೋದ 1,023 ಮಂದಿ ಸ್ಕ್ರೀನ್‌ಶಾಟ್ ಹಾಕುವುದಿಲ್ಲ. ಮುಚ್ಚಿಹೋದ ಫಂಡ್‌ಗಳು ಪಟ್ಟಿಯಿಂದ ಬಿದ್ದುಹೋಗುವುದರಿಂದ, ಉಳಿದವರ ಸರಾಸರಿ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ.

ಹಾಗಾದರೆ ಎಷ್ಟು ವರ್ಷದ ದಾಖಲೆ ಸಾಕು? ನಾವು ಮೂರನೇ ಸೆಮಿಸ್ಟರ್‌ನಲ್ಲಿ ಕಲಿತ ಸಂಖ್ಯಾಶಾಸ್ತ್ರವೇ ಇದಕ್ಕೆ ಸಾಕು. ಒಬ್ಬ ಒಳ್ಳೆಯ ವ್ಯವಸ್ಥಾಪಕ ಸುಲಭ ಸೂತ್ರಕ್ಕಿಂತ ವರ್ಷಕ್ಕೆ ಸರಾಸರಿ ಶೇ 4 ಹೆಚ್ಚು ಗಳಿಸುತ್ತಾನೆ, ಆ ಹೆಚ್ಚಳದ ವಾರ್ಷಿಕ ಏರಿಳಿತ ಶೇ 10 ಎಂದಿಟ್ಟುಕೊಳ್ಳಿ. 4ನ್ನು 10ರಿಂದ ಭಾಗಿಸಿದರೆ 0.4. ಇದನ್ನು ವರ್ಷಗಳ ಸಂಖ್ಯೆಯ ವರ್ಗಮೂಲದಿಂದ ಗುಣಿಸಿದಾಗ ಸುಮಾರು 2 ಬಂದರೆ ‘ಇದು ಬರೀ ಅದೃಷ್ಟವಿರಲಾರದು’ ಎಂದು ಸ್ವಲ್ಪ ಧೈರ್ಯವಾಗಿ ಹೇಳಬಹುದು. ಅದಕ್ಕೆ ವರ್ಗಮೂಲ 5 ಆಗಬೇಕು, ಅಂದರೆ 25 ವರ್ಷ ಬೇಕು! ಈ ಲೆಕ್ಕ ಮಾಡಿದ ದಿನ ನಾನು ಎರಡು ಸಲ ಪರೀಕ್ಷಿಸಿದೆ. ನನ್ನ ವಯಸ್ಸಿಗಿಂತ ಉದ್ದದ ದಾಖಲೆ ಬೇಕಾದ ಕಡೆ ಹನ್ನೊಂದು ತಿಂಗಳ ಸ್ಕ್ರೀನ್‌ಶಾಟ್ ಯಾವ ಮೂಲೆಗೆ?

ಕಾಣದ ನಷ್ಟ

ಒಂದೂ ನಷ್ಟದ ತಿಂಗಳಿಲ್ಲದ ದಾಖಲೆ ನೋಡಿದರೆ ಚಿಕ್ಕಪ್ಪನಿಗೆ ಧೈರ್ಯ ಬಂದಿತ್ತು. ನನಗೆ ಈಗ ಅದೇ ಹೆಚ್ಚು ಭಯ ಹುಟ್ಟಿಸುತ್ತದೆ. ಕರೆನ್ಸಿಯಲ್ಲಿ ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ ಗಳಿಸಿ ಒಂದೇ ದಿನ ಎಲ್ಲ ಕಳೆಯುವ ದಾರಿಗಳು ಬಹಳ ಇವೆ. ತಿಂಗಳಿಗೆ ಶೇ 2ರಂತೆ 30 ತಿಂಗಳು ಗಳಿಸಿದರೆ 100 ರೂಪಾಯಿ 181 ಆಗುತ್ತದೆ. 31ನೇ ತಿಂಗಳು ಶೇ 60 ಹೋದರೆ ಉಳಿಯುವುದು 72. ಮೂವತ್ತು ತಿಂಗಳೂ ಅವನು ಜಾಣನೇ ಆಗಿ ಕಂಡಿದ್ದ.

ಇದು ಬರೀ ಊಹೆಯಲ್ಲ. ಯೂರೊ ಎದುರು ತನ್ನ ಫ್ರಾಂಕ್ 1.20ಕ್ಕಿಂತ ಬಲವಾಗಲು ಬಿಡುವುದಿಲ್ಲ ಎಂದು ಸ್ವಿಟ್ಜರ್ಲೆಂಡ್‌ನ ಕೇಂದ್ರ ಬ್ಯಾಂಕ್ ಮೂರು ವರ್ಷಕ್ಕೂ ಹೆಚ್ಚು ಕಾಲ ಹೇಳುತ್ತಾ ಬಂದಿತ್ತು. ಅದನ್ನು ನಂಬಿ ಫ್ರಾಂಕ್ ಮಾರಿದವರು ನೆಮ್ಮದಿಯಾಗಿದ್ದರು. 2015ರ ಜನವರಿ 15ರಂದು ಬ್ಯಾಂಕ್ ಆ ಮಾತು ಹಿಂತೆಗೆದುಕೊಂಡಿತು. ಕೆಲವೇ ನಿಮಿಷಗಳಲ್ಲಿ ಫ್ರಾಂಕ್ ಶೇ 30ರವರೆಗೂ ಜಿಗಿಯಿತು. ಗ್ರಾಹಕರಷ್ಟೇ ಅಲ್ಲ, ಅವರ ಬ್ರೋಕರ್ ಕಂಪನಿಗಳೂ ಮುಳುಗಿದವು. 2024ರ ಆಗಸ್ಟ್ 5ರಂದು, ಅಗ್ಗದ ಬಡ್ಡಿಗೆ ಯೆನ್ ಸಾಲ ಪಡೆದು ಬೇರೆಡೆ ಹೂಡಿದ್ದವರು ಒಟ್ಟಿಗೆ ಓಡತೊಡಗಿದಾಗ ಜಪಾನಿನ ನಿಕ್ಕೇ ಸೂಚ್ಯಂಕ ಒಂದೇ ದಿನದಲ್ಲಿ ಶೇ 12.4 ಕುಸಿಯಿತು. ನಮ್ಮ ಸೆನ್ಸೆಕ್ಸ್ ಕೂಡ ಅಂದು 2,200 ಅಂಶಗಳಿಗೂ ಹೆಚ್ಚು ಇಳಿಯಿತು.

ಎತ್ತರದಲ್ಲಿದ್ದವರೂ ಬಿದ್ದಿದ್ದಾರೆ. ನ್ಯೂಯಾರ್ಕ್‌ನ ಎಫ್‌ಎಕ್ಸ್ ಕಾನ್ಸೆಪ್ಟ್ಸ್ ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಕರೆನ್ಸಿ ಫಂಡ್ ಸಂಸ್ಥೆ. 2008ರ ಹೊತ್ತಿಗೆ ಸುಮಾರು 1,400 ಕೋಟಿ ಡಾಲರ್ ನಿಭಾಯಿಸುತ್ತಿತ್ತು. 2013ರ ಅಕ್ಟೋಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ದಶಕಗಳ ಅನುಭವ, ಕಂಪ್ಯೂಟರ್ ಮಾದರಿಗಳು, ದೊಡ್ಡ ದೊಡ್ಡ ಪಿಂಚಣಿ ನಿಧಿಗಳ ವಿಶ್ವಾಸ ಎಲ್ಲ ಇದ್ದೂ ಆದ ಕಥೆ ಇದು.

ಸಾಮಾನ್ಯರಿಗೆ ಅಪಾಯ ಇನ್ನೂ ಹೆಚ್ಚು. ಆ್ಯಪ್‌ಗಳು ಒಂದಕ್ಕೆ 500 ಪಟ್ಟು ಸಾಲ ಕೊಡುತ್ತೇವೆ ಎನ್ನುತ್ತವೆ. 500 ಪಟ್ಟು ಎಂದರೆ ದರ ಶೇ 0.2 ಎದುರು ದಿಕ್ಕಿಗೆ ಸರಿದರೆ ನಮ್ಮ ಹಣ ಪೂರ್ತಿ ಹೋಯಿತು. ಯೂರೊ-ಡಾಲರ್ ದರ ಯಾವ ಸುದ್ದಿಯೂ ಇಲ್ಲದ ದಿನವೂ ಅಷ್ಟು ಅಲುಗಾಡುತ್ತದೆ.

ಕೆಲಸ ಯಾವುದೆಂದು ತಿಳಿದು ಅಂಕ ಕೊಡಬೇಕು

ಕರೆನ್ಸಿ ನಿಭಾಯಿಸುವ ಎಲ್ಲರ ಕೆಲಸವೂ ಲಾಭ ಮಾಡುವುದಲ್ಲ. ಕಾಫಿ ರಫ್ತು ಮಾಡುವವರು ಮೂರು ತಿಂಗಳ ನಂತರ ಬರುವ ಡಾಲರನ್ನು ಇಂದಿನ ಮುಂಗಡ ದರಕ್ಕೆ ಮಾರಿಬಿಟ್ಟರೆ, ಆಮೇಲೆ ಡಾಲರ್ ಏರಿದಾಗ ‘ಛೇ, ನಷ್ಟವಾಯಿತು’ ಎಂದು ಬೈಯುವುದು ತಪ್ಪು. ಅವರು ಕೊಂಡದ್ದು ನಿಶ್ಚಿತತೆ. ಬೆಳೆ ವಿಮೆ ಕಟ್ಟಿದ ವರ್ಷ ಮಳೆ ಚೆನ್ನಾಗಿ ಬಂದರೆ ವಿಮೆಯ ಕಂತು ದಂಡವಾಯಿತು ಎಂದು ಅಳುವುದಿಲ್ಲವಲ್ಲ. ಬರಬೇಕಾದ ಡಾಲರಿಗಿಂತ ಹೆಚ್ಚು ಮಾರಿ ‘ಲಾಭ ತಂದೆ’ ಎನ್ನುವ ಅಧಿಕಾರಿಯನ್ನೇ ಅನುಮಾನದಿಂದ ನೋಡಬೇಕು. ಅವನು ವಿಮೆ ಬಿಟ್ಟು ಜೂಜಿಗೆ ಇಳಿದಿದ್ದಾನೆ.

ನಮ್ಮ ದೇಶದ ಅತಿ ದೊಡ್ಡ ಕರೆನ್ಸಿ ವ್ಯವಸ್ಥಾಪಕ ಎಂದರೆ ರಿಸರ್ವ್ ಬ್ಯಾಂಕ್. 2024-25ನೇ ಸಾಲಿಗೆ ಅದು ಕೇಂದ್ರ ಸರ್ಕಾರಕ್ಕೆ ದಾಖಲೆಯ 2.69 ಲಕ್ಷ ಕೋಟಿ ರೂಪಾಯಿ ಹೆಚ್ಚುವರಿ ವರ್ಗಾಯಿಸಿತು. ಹಿಂದೆ ಕಡಿಮೆ ದರಕ್ಕೆ ಕೊಂಡಿದ್ದ ಡಾಲರುಗಳನ್ನು ಏರಿದ ದರಕ್ಕೆ ಮಾರಿದ್ದು ಅದರ ಮುಖ್ಯ ಮೂಲಗಳಲ್ಲೊಂದು. ಆದರೆ ರೂಪಾಯಿ ಹಠಾತ್ತನೆ ಕುಸಿಯದಂತೆ ನೋಡಿಕೊಳ್ಳುವುದು ಅದರ ಕೆಲಸ. ಲಾಭ ಹೆಚ್ಚು ಬಂತೆಂದು ಅದಕ್ಕೆ ಹೆಚ್ಚು ಅಂಕ ಕೊಡುವುದು, ಎಷ್ಟು ದಂಡ ವಸೂಲಾಯಿತು ಎಂದು ನೋಡಿ ಟ್ರಾಫಿಕ್ ಪೊಲೀಸರಿಗೆ ಅಂಕ ಕೊಟ್ಟಂತೆ.

ಕಾನೂನು ಏನು ಹೇಳುತ್ತದೆ?

ಇಷ್ಟೆಲ್ಲ ಲೆಕ್ಕ ಮಾಡುವ ಮುನ್ನವೇ ಕೇಳಬಹುದಾದ ಒಂದು ಪ್ರಶ್ನೆ ಇತ್ತು. ಭಾರತದ ನಿವಾಸಿಗಳು ಕರೆನ್ಸಿ ಟ್ರೇಡಿಂಗ್ ಮಾಡಬಹುದಾದದ್ದು ಅಧಿಕೃತ ವ್ಯಕ್ತಿಗಳ ಮೂಲಕ, ರಿಸರ್ವ್ ಬ್ಯಾಂಕ್ ಅನುಮತಿ ಕೊಟ್ಟ ವೇದಿಕೆ ಅಥವಾ ಎನ್‌ಎಸ್‌ಇ, ಬಿಎಸ್‌ಇಯಂಥ ಮಾನ್ಯತೆ ಪಡೆದ ವಿನಿಮಯ ಕೇಂದ್ರಗಳಲ್ಲಿ ಮಾತ್ರ. ಎನ್‌ಎಸ್‌ಇಯಲ್ಲಿ ಇದು ಶುರುವಾದದ್ದು 2008ರ ಆಗಸ್ಟ್‌ನಲ್ಲಿ. 2024ರ ಮೇ 3ರಿಂದ, ರೂಪಾಯಿ ಸೇರಿದ ವಹಿವಾಟು ಮಾಡುವವರಿಗೆ ನಿಜವಾದ ವಿದೇಶಿ ವಿನಿಮಯದ ಬಾಬತ್ತು ಇರಲೇಬೇಕು ಎಂಬ ನಿಯಮವನ್ನು ಬಿಗಿಗೊಳಿಸಲಾಗಿದೆ. ವಿದೇಶಿ ಆ್ಯಪ್‌ಗೆ ಮಾರ್ಜಿನ್ ಹಣ ಕಳಿಸುವುದು ಫೆಮಾ ಕಾಯ್ದೆಯ ಉಲ್ಲಂಘನೆ. ಹಣ ಕಳೆದುಕೊಂಡವನೇ ಕಾನೂನಿನ ಮುಂದೆ ಉತ್ತರ ಹೇಳಬೇಕಾಗುತ್ತದೆ. ಅನಧಿಕೃತ ಫಾರೆಕ್ಸ್ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ 34 ಹೆಸರುಗಳೊಂದಿಗೆ ಪ್ರಕಟಿಸಿತು. ಆಮೇಲೆ ಪಟ್ಟಿ ಬೆಳೆಯುತ್ತಲೇ ಇದೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಅಧಿಕೃತ ಎಂದಲ್ಲ ಎಂಬುದನ್ನೂ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ.

ಅಧಿಕೃತ ಮಾರುಕಟ್ಟೆಯಲ್ಲೂ ಪರಿಸ್ಥಿತಿ ಏನು? ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ ಕರೆನ್ಸಿಯದ್ದಲ್ಲ, ಷೇರು ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನದು. ಆದರೂ ಪಾಠ ಒಂದೇ. 2021-22ರಿಂದ ಮೂರು ವರ್ಷಗಳಲ್ಲಿ ಶೇ 93ರಷ್ಟು ವೈಯಕ್ತಿಕ ಟ್ರೇಡರ್‌ಗಳು ನಷ್ಟ ಅನುಭವಿಸಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಖರ್ಚು ಕಳೆದು 1 ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ಶೇ 1 ಮಾತ್ರ.

ಕೇಳಬೇಕಾದ ನಾಲ್ಕು ಪ್ರಶ್ನೆ

ರಜೆ ಮುಗಿಸಿ ಹೊರಡುವ ಮುನ್ನ ಚಿಕ್ಕಪ್ಪನಿಗೆ ನಾಲ್ಕು ಪ್ರಶ್ನೆ ಬರೆದುಕೊಟ್ಟೆ. ನಿಮ್ಮ ನೋಂದಣಿ ಸಂಖ್ಯೆ ಏನು, ಯಾವ ಸಂಸ್ಥೆ ಕೊಟ್ಟದ್ದು? ನಿಮ್ಮ ಲೆಕ್ಕವನ್ನು ಹೊರಗಿನ ಆಡಿಟರ್ ಪರಿಶೀಲಿಸಿದ್ದಾರೆಯೇ? ಸುಮ್ಮನೆ ಡಾಲರ್ ಹಿಡಿದಿದ್ದರೆ ಇದೇ ಅವಧಿಯಲ್ಲಿ ಎಷ್ಟು ಬರುತ್ತಿತ್ತು? ಅತಿ ಹೆಚ್ಚು ನಷ್ಟವಾದದ್ದು ಯಾವಾಗ, ಎಷ್ಟು, ಏಕೆ? ನಿಜವಾದ ವೃತ್ತಿಪರರಿಗೆ ಕೊನೆಯ ಪ್ರಶ್ನೆಗೆ ಉತ್ತರ ಇದ್ದೇ ಇರುತ್ತದೆ. ನಷ್ಟದ ಕಥೆ ಇಲ್ಲದವನು ಒಂದೋ ವ್ಯವಹಾರ ಮಾಡಿಲ್ಲ, ಇಲ್ಲವೇ ಮುಚ್ಚಿಡುತ್ತಿದ್ದಾನೆ.

ಚಿಕ್ಕಪ್ಪ ನಾಲ್ಕನ್ನೂ ಗುಂಪಿನಲ್ಲಿ ಟೈಪ್ ಮಾಡಿಸಿ ಹಾಕಿದರು. ಅರ್ಧ ಗಂಟೆಯಲ್ಲಿ ಅವರನ್ನು ಗುಂಪಿನಿಂದ ತೆಗೆದುಹಾಕಿದರು. ‘ಕೇಳಿದ್ದಕ್ಕೇ ಕೋಪ ಬಂತು ನೋಡು ಅವ್ನಿಗೆ’ ಎಂದು ಫೋನಿನಲ್ಲಿ ನಕ್ಕರು. ಶುಂಠಿ ದುಡ್ಡು ಬ್ಯಾಂಕಿನಲ್ಲೇ ಇದೆ.

ಆದರೆ ಅದೇ ಗುಂಪಿಗೆ ನನ್ನ ಪ್ರೈಮರಿ ಶಾಲೆಯ ಗೆಳೆಯನೊಬ್ಬ ನಾಲ್ಕು ತಿಂಗಳ ಹಿಂದೆಯೇ 80,000 ರೂಪಾಯಿ ಹಾಕಿದ್ದ. ಅದರಲ್ಲಿ ಅರ್ಧ ಅವನ ಅಮ್ಮ ಮಹಿಳಾ ಸಂಘದಲ್ಲಿ ತೆಗೆದುಕೊಟ್ಟ ಸಾಲ. ಆ್ಯಪ್‌ನಲ್ಲಿ ಈಗ 1,17,000 ಎಂದು ತೋರಿಸುತ್ತಿದೆ. ತೆಗೆಯಲು ಹೋದರೆ ಮೊದಲು ‘ತೆರಿಗೆ’ ಕಟ್ಟಿ ಎನ್ನುತ್ತಾರೆ. 1930ಕ್ಕೆ ಕರೆ ಮಾಡಿ ದೂರು ಕೊಡು ಎಂದು ಹೇಳಿ ಎರಡು ವಾರ ಆಯಿತು. ಅಮ್ಮನಿಗೆ ಗೊತ್ತಾಗುತ್ತದೆ ಎಂದು ಅವನು ಇನ್ನೂ ಕೊಟ್ಟಿಲ್ಲ. ದೂರು ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟಿ ಹೋಗುತ್ತದೆ. ಹೀಗೆ ಸಿಕ್ಕಿಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ ನಾಚಿಕೆ ಬದಿಗಿಟ್ಟು ಇಂದೇ ಫೋನ್ ಮಾಡಿ.

ಅವನು ಇವತ್ತಿಗೂ ದಿನಕ್ಕೊಮ್ಮೆ ಆ್ಯಪ್ ತೆರೆದು ಅಂಕಿ ನೋಡುತ್ತಾನೆ. ಅದು ಏರುತ್ತಲೇ ಇದೆಯಂತೆ. ಅವನ ಅಮ್ಮ ವಾರ ವಾರ ಸಂಘಕ್ಕೆ ಕಂತು ಕಟ್ಟುತ್ತಿದ್ದಾರೆ.